ಅಕ್ಕನ ಹಾಸಿಗೆಯ ಪಕ್ಕದ ಸ್ಟೂಲು ಯಾರದು?

ಸರ್ಕಾರಿ ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ನೀವು ಏನೇನು ಕೊಡುತ್ತೇವೆಂದು ಹೇಳಿದಿರಿ, ಏನೇನು ಕೊಡಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಧರ್ಮವಿಲ್ಲದ ರೋಗಿಗಳ ಬಳಿ ಕೂರಲು ನಮ್ಮ ವಿಚಾರವಾದಿ ಬಳಗದ ಮೂವರಿಗೆ ವಾರ್ಡಿನ ಪಾಸು ಕೊಡುತ್ತೇವೆ ಎಂದಿರಿ, ಕೊಡಲಿಲ್ಲ. ಬೇಡವೆಂದ ರೋಗಿಯ ಹತ್ತಿರ ಯಾವ ಪ್ರಾರ್ಥನೆಯವರೂ ಸುಳಿಯುವುದಿಲ್ಲ ಎಂದಿರಿ. ಸುಳಿದರು, ಸಾಲಾಗಿ ಸುಳಿದರು. ಎರಡನೇ ಮಹಡಿಯ ತುದಿಯಲ್ಲಿರುವ ಮೌನದ ಕೋಣೆ ಎಲ್ಲರದೂ ಎಂದಿರಿ. ಅದಕ್ಕೆ ಬೀಗ ಬಿದ್ದಿದೆ, ಬೀಗದ ಕೈ ಮೂರು ಮತದವರ ಸೊಂಟದಲ್ಲಿ ಮಾತ್ರ ಇದೆ. ಲಿಖಿತವಾಗಿ ಉತ್ತರಿಸುತ್ತೇವೆ ಎಂದಿರಿ. ನಿಮ್ಮ ಕಚೇರಿಯ ಗುಮಾಸ್ತರು ಫೋನು ಮಾಡಿ, "ಸಾಹೇಬ್ರು ಬೇಜಾರು ಮಾಡ್ಕೊಂಡಿದಾರೆ ಕಣಮ್ಮಾ" ಎಂದರು. ನಿಮ್ಮ ಬೇಜಾರಿಗೆ ನಮ್ಮ ಸಹಾನುಭೂತಿ ಇದೆ. ನಮ್ಮ ಹೇಸಿಗೆಯನ್ನೂ ಸ್ವಲ್ಪ ಕೇಳಿಸಿಕೊಳ್ಳಿ.

ನಾನು ಶಾಲೆಯ ಸಮವಸ್ತ್ರ ಹೊಲಿಯುವವಳು. ನನ್ನ ಅಕ್ಕ ಕನ್ನಡಕದ ಗಾಜು ಸಾಣೆ ಹಿಡಿಯುವವಳು. ಈ ಊರಿನಲ್ಲಿ ಪತ್ರಿಕೆ ಓದುವ ಅದೆಷ್ಟೋ ಜೋಡಿ ಕಣ್ಣಿನ ಮುಂದೆ ಅಕ್ಕನ ಕೈಕೆಲಸ ಕೂತಿದೆ. ಈ ಪತ್ರವನ್ನು ಓದಲು ನೀವು ಮೂಗಿನ ಮೇಲೆ ಏರಿಸಿಕೊಂಡಿರುವುದೂ ಅವಳದೇ ಇದ್ದೀತು. ಗಾಜಿನ ಪುಡಿ ಉಸಿರಿನ ಜೊತೆ ಒಳಗೆ ಹೋಗಿ ಅವಳ ಶ್ವಾಸಕೋಶದಲ್ಲಿ ಮನೆ ಮಾಡಿಕೊಂಡಿದೆ. ಇದು ನಾನು ಹೇಳುವ ಮಾತಲ್ಲ, ನಿಮ್ಮದೇ ವೈದ್ಯರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ಹೇಳಿದ ಮಾತು. ಅಕ್ಕ ದೇವರನ್ನು ನಂಬುವವಳಲ್ಲ. ಜಗಳಕ್ಕಾಗಿ ನಂಬದವಳೂ ಅಲ್ಲ. ಅವಳಿಗೆ ಅದು ಬೇಕಾಗಿಲ್ಲ, ಅಷ್ಟೆ.

ಕಳೆದ ತಿಂಗಳು ಉಸಿರು ಕಟ್ಟಿದಂತಾಗಿ ಅವಳನ್ನು ನಿಮ್ಮಲ್ಲಿಗೆ ಕರೆತಂದೆ. ದಾಖಲಾತಿಯ ಕಿಂಡಿಯಲ್ಲಿ ಕೂತಿದ್ದಾತ ತಲೆ ಎತ್ತದೆ ಕೇಳಿದ:

"ಧರ್ಮ?"

"ಇಲ್ಲ," ಎಂದಳು ಅಕ್ಕ.

"ಇಲ್ಲ ಅಂದ್ರೆ? ಮರ್ತೋಯ್ತಾ?"

"ಮರೆಯೋಕೆ ಅದೇನು ಛತ್ರೀನಾ?"

"ಅಯ್ಯೋ, ಹುಟ್ಟಿದ್ದು ಯಾವುದ್ರಲ್ಲಿ ಹೇಳಮ್ಮಾ, ಬರ್ಕೋತೀನಿ."

"ಇದೇ ಆಸ್ಪತ್ರೇಲಿ ಹುಟ್ಟಿದ್ದು. ಬರ್ಕೋ."

ಹಿಂದೆ ಸಾಲಿನಲ್ಲಿ ನಿಂತವರು ನಕ್ಕರು. ಅಕ್ಕನೂ ನಕ್ಕಳು, ನಕ್ಕಿದ್ದಕ್ಕೆ ಕೆಮ್ಮು ಬಂತು. ಕಿಂಡಿಯವನು ಏನೋ ಗೀಚಿ ಚೀಟಿ ಕೊಟ್ಟ. ಹೇಳಬೇಕಾದ್ದನ್ನು ಹೇಳಿದ್ದೇವೆ, ಕೆಲಸ ಮುಗಿಯಿತು ಎಂದು ನಾವು ತಿಳಿದೆವು.

ಮರುದಿನದಿಂದ ಶುರುವಾಯಿತು ನೋಡಿ ಮೆರವಣಿಗೆ. ಬೆಳಗ್ಗೆ ಒಂದು ಮತದವರು ಬಂದು ತಲೆಯ ಮೇಲೆ ಕೈ ಇಟ್ಟರು. ಮಧ್ಯಾಹ್ನ ಇನ್ನೊಂದು ಮತದವರು ಬಂದು ಕಾಲಿನ ಬಳಿ ನಿಂತು ಓದಿದರು. ಸಂಜೆ ಮೂರನೆಯವರು. ಪಕ್ಕದ ಹಾಸಿಗೆಯ ಅಜ್ಜಿಗೆ ಅವಳ ಮತದವರು ಮಾತ್ರ ಬರುತ್ತಿದ್ದರು. ಅಜ್ಜಿ ಹೊಟ್ಟೆಕಿಚ್ಚಿನಿಂದ, "ನಿಮ್ಮಕ್ಕ ಭಾಳ ದೊಡ್ಡ ಮನುಷ್ಯಳೇನಮ್ಮಾ? ಎಲ್ಲಾ ಕಡೆಯಿಂದ್ಲೂ ಬರ್ತಾವ್ರೆ!" ಎಂದು ನನ್ನನ್ನು ಕೇಳಿದಳು. ಅಕ್ಕನ ಮುಖದ ಮೇಲೆ ಆಮ್ಲಜನಕದ ಮುಖವಾಡ ಇತ್ತು. ಬೇಡ ಎನ್ನಲು ಅದನ್ನು ತೆಗೆಯಬೇಕು, ತೆಗೆದರೆ ಉಸಿರಿಲ್ಲ. ಕೈ ಅಲ್ಲಾಡಿಸಿದರೆ ಬಂದವರು ಅದನ್ನು ಭಕ್ತಿ ಎಂದುಕೊಂಡು ಕೈ ಹಿಡಿದುಕೊಳ್ಳುತ್ತಿದ್ದರು.

ವಾರ್ಡಿನ ಆಯಾಳನ್ನು ಕೇಳಿದೆ. ಅವಳು ನೆಲ ಒರೆಸುತ್ತಲೇ ಹೇಳಿದಳು: "ಇಲ್ಲ ಅಂದೋರ್ನ ಎಲ್ಲಾ ಮತದೋರ ಸುತ್ತಿಗೂ ಸೇರ್ಸೋದು ಇಲ್ಲಿ ಪದ್ಧತಿ ಕಣಕ್ಕಾ. ಯಾರ ಕಡೆಗೂ ಇಲ್ಲ ಅಂದ್ರೆ ಎಲ್ರೂ ನೋಡ್ಕೋಬೇಕಲ್ವಾ, ಪಾಪ."

ಪಾಪ! ಅಧೀಕ್ಷಕರೇ, ಇಂಥ ಪದ್ಧತಿಯನ್ನು ಯಾವ ಮಹಾಬುದ್ಧಿ ಕಂಡುಹಿಡಿಯಿತು? ಮಾಂಸ ತಿನ್ನುವುದಿಲ್ಲ ಎಂದವರಿಗೆ ನಿಮ್ಮ ಅಡುಗೆಮನೆ ಮೂರು ಬಗೆಯ ಮಾಂಸ ಬಡಿಸುತ್ತದೆಯೇ? ಮದುವೆ ಬೇಡ ಎಂದವಳ ಮನೆಗೆ ಊರಿನ ಗಂಡುಗಳನ್ನೆಲ್ಲ ಸರದಿಯ ಮೇಲೆ ಕಳಿಸುತ್ತೀರಾ? ಒಬ್ಬ ಪ್ರಜೆ ಯೋಚಿಸಿ, ಸ್ಪಷ್ಟ ದನಿಯಲ್ಲಿ ಹೇಳಿದ ಉತ್ತರವನ್ನು ನಿಮ್ಮ ಕಚೇರಿ ಉತ್ತರ ಎಂದೇ ಪರಿಗಣಿಸಲಿಲ್ಲ. ಅವಳನ್ನು ಬಾಗಿಲಿಲ್ಲದ ಮನೆ ಎಂದು ತಿಳಿದು, ಯಾರು ಬೇಕಾದರೂ ನುಗ್ಗಿ ಎಂದು ದಾರಿ ತೋರಿಸಿತು. ಇದಕ್ಕೆ ನಿಮ್ಮ ನಿಘಂಟಿನಲ್ಲಿ ಸರ್ವಧರ್ಮ ಸಮಭಾವ ಎಂಬ ಹೆಸರಿದೆ. ನಮ್ಮ ಭಾಷೆಯಲ್ಲಿ ಇದಕ್ಕೆ ಸೊಕ್ಕು ಎನ್ನುತ್ತಾರೆ.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಬೆಳಗ್ಗೆ ಬರುತ್ತಿದ್ದ ಹಿರಿಯರಿಗೆ ನಾನು ವಿಷಯ ತಿಳಿಸಿದಾಗ ಅವರು ತಲೆಯ ಮೇಲಿದ್ದ ಕೈಯನ್ನು ಬಿಸಿ ಪಾತ್ರೆ ಮುಟ್ಟಿದವರಂತೆ ತೆಗೆದರು. "ತಪ್ಪಾಯ್ತು ತಾಯಿ. ನನಗೆ ಹಿಂಗಂತ ಯಾರೂ ಹೇಳಿರಲಿಲ್ಲ," ಎಂದರು. ತಮ್ಮ ಕನ್ನಡಕ ತೆಗೆದು ಅಕ್ಕನಿಗೆ ತೋರಿಸಿ, "ಎಡಗಡೆದು ಯಾಕೋ ತಲೆನೋವು ತರ್ತಿದೆ, ನೋಡ್ತೀಯಾ?" ಎಂದು ಕೇಳಿದರು. ಅಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಗಾಜು ಕೂತಿರುವ ಓರೆಯನ್ನು ಬೆರಳಿನಲ್ಲಿ ತೋರಿಸಿದಳು. ಆ ವಾರ್ಡಿನಲ್ಲಿ ಅವಳನ್ನು ಒಬ್ಬ ಮನುಷ್ಯಳೆಂದು ಕಂಡ ಹೊರಗಿನವರು ಅವರೊಬ್ಬರೇ. ನಮ್ಮ ಜಗಳ ಅವರೊಂದಿಗಲ್ಲ. ಕೇಳಿದ ಕೂಡಲೇ ನಾಚಿಕೆಪಡುವ ಶಕ್ತಿ ಒಬ್ಬ ಪ್ರಾರ್ಥನೆಯವರಿಗೆ ಇದೆ, ವಿಜ್ಞಾನ ಓದಿ ಬಿಳಿ ಕೋಟು ತೊಟ್ಟ ನಿಮಗೆ ಇಲ್ಲವಲ್ಲ, ಜಗಳ ಅದರೊಂದಿಗೆ.

ಈಗ ಮೂರನೆಯವರ ಕಥೆ ಕೇಳಿ. ಸಂಜೆ ಬರುತ್ತಿದ್ದ ಆ ಸ್ವಯಂಸೇವಕರೊಬ್ಬರು ಬಾಟಲಿಯಲ್ಲಿ ಮಂತ್ರಿಸಿದ ನೀರು ತಂದಿದ್ದರು. ನಾನು ಔಷಧಿ ಅಂಗಡಿಯ ಸಾಲಿನಲ್ಲಿದ್ದೆ. ಅವರು ಅಕ್ಕನ ಮುಖವಾಡ ಮೇಲೆತ್ತಿ ತುಟಿಗೆ ನೀರು ಹನಿಸಿದರು. ನೀರು ಗಂಟಲಲ್ಲಿ ಅಡ್ಡಹೋಯಿತು. ಮಂಚದ ತಲೆಯ ಕಡೆಯ ಯಂತ್ರ ಕೂಗತೊಡಗಿತು. ಪಕ್ಕದ ಹಾಸಿಗೆಯ ಅಜ್ಜಿ ಕಿರುಚಿಕೊಂಡಳು. ನರ್ಸಮ್ಮ ಓಡಿಬಂದು ಆ ಮನುಷ್ಯನನ್ನು ಪಕ್ಕಕ್ಕೆ ತಳ್ಳಿ ಮುಖವಾಡ ಹಾಕಿದರು. ನಾನು ವಾಪಸು ಬಂದಾಗ ಅಕ್ಕನ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಆ ಮಹಾಶಯರು ಬಾಗಿಲಲ್ಲಿ ನಿಂತು, "ನಂಬಿಕೆ ಇದ್ದಿದ್ರೆ ಗಂಟಲಲ್ಲಿ ಇಳೀತಿತ್ತು," ಎಂದು ನನಗೇ ಬುದ್ಧಿ ಹೇಳಿದರು.

ಓದುವಾಗ ನಿಮಗೆ ಒಂದಿಷ್ಟಾದರೂ ನಾಚಿಕೆಯಾಗುತ್ತಿದೆಯೇ? ಆಗುತ್ತಿದ್ದರೆ ಸಂತೋಷ, ಇನ್ನೂ ಒಳಗೆ ಏನೋ ಉಳಿದಿದೆ ಎಂದಾಯಿತು. ನಿಮ್ಮ ಕಚೇರಿ ಮಾತ್ರ ನಮ್ಮ ದೂರಿಗೆ ಬಾಯಿಮಾತಿನಲ್ಲಿ ಕೊಟ್ಟ ತೀರ್ಪು, "ಅವರ ಉದ್ದೇಶ ಒಳ್ಳೆಯದಿತ್ತು" ಎಂಬುದು. ಆ ಸಂಜೆಯ ನೀರಿನಿಂದ ಅಕ್ಕನ ಎದೆಯಲ್ಲಿ ಸೋಂಕು ಏರಿತು ಎಂದು ವೈದ್ಯರು ಗುಮಾನಿಪಡುತ್ತಾರೆ. ಸೋಂಕಿಗೆ ಉದ್ದೇಶ ಕೇಳುವ ಅಭ್ಯಾಸವಿಲ್ಲ, ಅಧೀಕ್ಷಕರೇ.

ಅದೇ ವಾರ ನಮ್ಮ ಬಳಗದ ಹಾರ್ನ್ ಮಾಮನಿಗೆ ಏನಾಯಿತೆಂದು ಹೇಳುತ್ತೇನೆ. ಹಾರ್ನ್ ಮಾಮ ನಿವೃತ್ತ ಬಸ್ ಡ್ರೈವರು. ಅವರು ಬೀದಿಯ ಆ ತುದಿಯಲ್ಲಿ ಮಾತಾಡಿದರೆ ಈ ತುದಿಯಲ್ಲಿ ಜನ ಪಕ್ಕಕ್ಕೆ ಸರಿಯುತ್ತಾರೆ, ಅದಕ್ಕೇ ಆ ಹೆಸರು. ಅಕ್ಕನಿಗೆ ಹಳೆಯ ಸ್ನೇಹಿತರು. ರೋಗಿಯ ಪಕ್ಕ ಕೂರುವುದನ್ನು ನಮ್ಮ ಬಳಗದಲ್ಲಿ ಕಲಿಸುತ್ತೇವೆ. ನನ್ನ ಹೊಲಿಗೆ ಅಂಗಡಿಯ ಹಿಂಭಾಗದಲ್ಲಿ, ಯಂತ್ರಗಳನ್ನು ಗೋಡೆಗೆ ಸರಿಸಿ, ಒಬ್ಬರನ್ನು ಬೆಂಚಿನ ಮೇಲೆ ಮಲಗಿಸಿ ಅಭ್ಯಾಸ ಮಾಡುತ್ತೇವೆ. ಕೈ ತೊಳೆಯದೆ ಹತ್ತಿರ ಹೋಗಬಾರದು. ತಮ್ಮ ಕಾಯಿಲೆಯ ಪುರಾಣ ಬಿಚ್ಚಬಾರದು. ಎಲ್ಲ ಸರಿಹೋಗುತ್ತದೆ ಎಂಬ ಸುಳ್ಳು ಹೇಳಬಾರದು. ರೋಗಿ ದೇವರ ಹೆಸರು ಹೇಳಿ ಅತ್ತರೆ ವಾದಕ್ಕೆ ಇಳಿಯಬಾರದು, ಅವರಿಗೆ ಬೇಕಾದವರನ್ನು ಕರೆಸಿಕೊಡಬೇಕು. ಸಾಕು ಎಂದ ಕೂಡಲೇ ಎದ್ದುಬರಬೇಕು. ಹಾರ್ನ್ ಮಾಮನಿಗೆ ಇದೆಲ್ಲ ಬೇಗ ಬಂತು, ದನಿ ತಗ್ಗಿಸುವುದು ಮಾತ್ರ ಬರಲಿಲ್ಲ. "ಮಾಮ, ಗುಟ್ಟು ಹೇಳೋ ಥರ ಮಾತಾಡಿ," ಎಂದರೆ, "ನಂಗೆ ಗುಟ್ಟೇ ಇಲ್ವಲ್ಲಮ್ಮಾ!" ಎಂದು ಗುಡುಗುತ್ತಿದ್ದರು. ಮನೆಯಲ್ಲಿ ಮಲಗಿದ್ದ ಮೊಮ್ಮಗಳ ಪಕ್ಕ ಕೂತು ಅವಳು ಏಳದ ಹಾಗೆ ಪತ್ರಿಕೆ ಓದಿ ಓದಿ ಅಂತೂ ಕಲಿತರು.

ಹೀಗೆ ಕಲಿತ ಮನುಷ್ಯನನ್ನು ನಿಮ್ಮ ಕಾವಲುಗಾರ ವಾರ್ಡಿನ ಬಾಗಿಲಲ್ಲಿ ತಡೆದ. "ಭೇಟಿ ಸಮಯ ಅಲ್ಲ. ಪಾಸ್ ಇದ್ರೆ ಬನ್ನಿ."

"ಒಳಗೆ ಅವರೆಲ್ಲಾ ಹೋದ್ರಲ್ಲಪ್ಪಾ?"

"ಅವ್ರು ಧರ್ಮದೋರು."

"ನಾನೂ ರೋಗಿ ಪಕ್ಕ ಕೂರೋಕೇ ಬಂದಿರೋದು."

"ನೀವು ಯಾವ ಧರ್ಮ?"

"ಯಾವುದೂ ಅಲ್ಲ."

"ಹಂಗಾದ್ರೆ ಸೋಂಕು ಬರುತ್ತೆ, ಹೊರಗಿರಿ."

ಇಡೀ ವೈದ್ಯಶಾಸ್ತ್ರ ಎದ್ದು ಕೈಮುಗಿಯಬೇಕು ಈ ಮಾತಿಗೆ! ಸೋಂಕು ಯಾರ ಜೊತೆ ಬರಬೇಕು, ಯಾರ ಜೊತೆ ಬರಬಾರದು ಎಂಬುದನ್ನು ಧರ್ಮ ನೋಡಿ ತೀರ್ಮಾನಿಸುತ್ತದೆಯೆಂದು ನಿಮ್ಮ ಆಸ್ಪತ್ರೆ ಕಂಡುಕೊಂಡಿದೆ. ಮುಖವಾಡ ಎತ್ತಿ ನೀರು ಹುಯ್ದ ಕೈಗೆ ಪಾಸು. ಮೊಳಕೈವರೆಗೆ ಸೋಪು ಹಾಕಿ ತೊಳೆದುಕೊಂಡು ಬಂದ ಕೈಗೆ ಬಾಗಿಲು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಎನ್ನುತ್ತಾರೆ. ಇಲ್ಲಿ ಸುಣ್ಣ ಬಿದ್ದದ್ದು ಆಮ್ಲಜನಕದ ಕೊಳವೆ ಹಿಡಿದು ಮಲಗಿದ್ದವಳ ಕಣ್ಣಿಗೆ.

ನಾವು ನಿಮ್ಮ ಕೋಣೆಗೇ ಬಂದೆವು, ನೆನಪಿರಬೇಕು. ಕೂರಿ ಎನ್ನಲಿಲ್ಲ, ಪರವಾಗಿಲ್ಲ. ನಾನು ಮೊದಲೇ ಬರೆದ ಭರವಸೆಗಳನ್ನೆಲ್ಲ ಅಲ್ಲೇ ಕೊಟ್ಟಿರಿ, ಕೊಡುತ್ತಲೇ "ನೀವೆಲ್ಲಾ ಗಟ್ಟಿ ಮನಸ್ಸಿನ ಜನ, ನಿಮಗ್ಯಾಕಮ್ಮಾ ಸಾಂತ್ವನ?" ಎಂದು ನಕ್ಕಿರಿ. ಆ ನಗುವನ್ನು ನಾನು ಮರೆಯುವುದಿಲ್ಲ. ದೇವರನ್ನು ಬಿಟ್ಟವರು ಭಯವನ್ನೂ ಬಿಟ್ಟಿರುತ್ತಾರೆ ಎಂದು ನಿಮಗೆ ಯಾರು ಹೇಳಿದರು? ವಾರ್ಡಿನ ಸೊಳ್ಳೆ ಪರದೆಯೊಳಗೆ ಮಲಗಿ, ಮುಂದಿನ ಉಸಿರು ಬರುತ್ತದೋ ಇಲ್ಲವೋ ಎಂದು ಎಣಿಸುವಾಗ ನಮಗೂ ಒಂದು ಪರಿಚಿತ ಮುಖ ಬೇಕು. ಸ್ವರ್ಗದ ಆಸೆ ತೋರಿಸುವ ಮುಖವಲ್ಲ. ಅಂಗಡಿಯ ಸುದ್ದಿ, ಬಸ್ಸಿನ ಸುದ್ದಿ ಹೇಳುವ, ಹೇಳಲು ಏನೂ ಇಲ್ಲದಿದ್ದಾಗ ಸುಮ್ಮನೆ ಕೂರುವ ಮುಖ. ತೆರಿಗೆ ಕಟ್ಟುವಾಗ ನಮ್ಮ ನಾಸ್ತಿಕತೆ ನಿಮಗೆ ಅಡ್ಡಬರುವುದಿಲ್ಲ. ರಕ್ತದಾನದ ಶಿಬಿರಕ್ಕೆ ಕರೆಯುವಾಗ ಬರುವುದಿಲ್ಲ. ನಮ್ಮ ಬಳಗದ ರಕ್ತ ನಿಮ್ಮಲ್ಲಿ ಯಾವ ಯಾವ ಭಕ್ತರ ಮೈಯಲ್ಲಿ ಹರಿಯುತ್ತಿದೆಯೋ, ಅವರಿಗೆ ಒಳ್ಳೆಯದಾಗಲಿ. ಒಂದು ಸ್ಟೂಲಿನ ಮೇಲೆ ಕೂರಲು ಬಂದಾಗ ಮಾತ್ರ ನಾವು ಸೋಂಕು.

ನಾನು ಈ ಪತ್ರವನ್ನು ಊರಿಗೆಲ್ಲ ತೋರಿಸಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಉಸಿರು ಹದಕ್ಕೆ ಬಂತೆಂದು ನೀವು ಮನೆಗೆ ಕಳಿಸಿದ ಅಕ್ಕನ ಎದೆಯಲ್ಲಿ ಈಗ ಕೀವು ತುಂಬಿಕೊಂಡಿದೆ. ಅದನ್ನು ಹೊರತೆಗೆಯಲು ಸೋಮವಾರ ದಾಖಲಾಗಬೇಕು, ತಡಮಾಡಿದರೆ ಕೈಮೀರುತ್ತದೆ ಎಂದು ನಿಮ್ಮ ಎದೆರೋಗದ ವೈದ್ಯೆ ಹೇಳಿದ್ದಾರೆ. ಒಳ್ಳೆಯ ಹೆಣ್ಣುಮಗಳು, ಎರಡು ಸಲ ಬಿಡಿಸಿ ಹೇಳಿದರು. ಅಕ್ಕ ಬರುವುದಿಲ್ಲ ಎನ್ನುತ್ತಿದ್ದಾಳೆ.

"ನಾನು ಅಲ್ಲಿಗೆ ಬರಲ್ಲ ಕಣೇ. ಮನೇಲೇ ಸಾಯ್ತೀನಿ. ಮೇಲೆ ಬಿದ್ದು ಬರೋರ್ನ ತಳ್ಳೋಕೆ ನನ್ಹತ್ರ ಉಸಿರಿಲ್ಲ."

"ಹಠ ಮಾಡ್ಬೇಡ ಅಕ್ಕಾ. ವಿಜ್ಞಾನ ನಂಬೋಳು ನೀನು."

"ಡಾಕ್ಟ್ರನ್ನ ನಂಬ್ತೀನಿ. ಬಾಗ್ಲು ಕಾಯೋರ್ನ ಹೆಂಗೆ ನಂಬ್ಲಿ? ಹಾರ್ನ್ ಮಾಮನ್ನ ಪಕ್ಕದಲ್ಲಿ ಕೂರ್ಸು, ಬರ್ತೀನಿ. ಅವ್ರಿದ್ರೆ ಬೇರೆಯವ್ರು ಹತ್ರ ಬರಲ್ಲ."

ನೀವೇನಾದರೂ ಅರ್ಥ ಮಾಡಿಕೊಂಡಿರಾ? ರೋಗಿಯನ್ನು ಔಷಧಿಯಿಂದ ದೂರ ಓಡಿಸುವುದು ಮಾಟಗಾರರ ಕೆಲಸ ಎಂದು ಹಳ್ಳಿ ಹಳ್ಳಿ ಸುತ್ತಿ ಭಾಷಣ ಮಾಡಿದವರು ನಾವು. ಈಗ ಆ ಕೆಲಸವನ್ನು ಒಂದು ಸರ್ಕಾರಿ ಆಸ್ಪತ್ರೆಯೇ ವಹಿಸಿಕೊಂಡಿದೆ. ಬೇಲಿಯೇ ಎದ್ದು ಹೊಲ ಮೇಯುತ್ತಿದೆ.

ನಾವು ಬೇಡುತ್ತಿಲ್ಲ, ಕೇಳುತ್ತಿದ್ದೇವೆ. ಧರ್ಮ ಇಲ್ಲ ಎಂದವರನ್ನು ಎಲ್ಲರ ಸುತ್ತಿಗೂ ಸೇರಿಸುವ ಪದ್ಧತಿಯನ್ನು ಇವತ್ತೇ ರದ್ದು ಮಾಡಿ. ರೋಗಿ ಕರೆಯದೆ ಯಾರೂ, ನಮ್ಮವರೂ ಸೇರಿ, ಹಾಸಿಗೆಯ ಬಳಿ ಹೋಗಕೂಡದೆಂದು ಆದೇಶ ಮಾಡಿ. ಆಮ್ಲಜನಕದ ಮುಖವಾಡಕ್ಕೆ ಕೈ ಹಾಕಿದ ಆ ಸ್ವಯಂಸೇವಕರ ಪಾಸು ಕಿತ್ತುಕೊಳ್ಳಿ. ಮೌನದ ಕೋಣೆಯ ಬೀಗ ತೆಗೆಯಿರಿ. ಹಾರ್ನ್ ಮಾಮನ ಪಾಸಿಗೆ ಶನಿವಾರದೊಳಗೆ ಸಹಿ ಹಾಕಿ. ಇದರಲ್ಲಿ ಯಾವುದು ನಿಮ್ಮ ಕೈಲಾಗದ್ದು, ಒಂದನ್ನಾದರೂ ತೋರಿಸಿ.

ಸಹಿ ಬೀಳಲಿ, ಬೀಳದಿರಲಿ, ಅಕ್ಕನನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ನಾವು ಬರುತ್ತೇವೆ. ಪಕ್ಕದಲ್ಲಿ ಹಾರ್ನ್ ಮಾಮ ಇರುತ್ತಾರೆ, ಹಿಂದೆ ಬಳಗ ಇರುತ್ತದೆ. ಅವರನ್ನು ಒಳಗೆ ಬಿಟ್ಟರೆ ಅಕ್ಕ ಒಳಗೆ ಬರುತ್ತಾಳೆ. ತಡೆದರೆ, ಕುರ್ಚಿ ತಿರುಗಿಸು ಎನ್ನುತ್ತಾಳೆ. ಅವಳ ಮಾತು ಮೀರುವ ಹಕ್ಕು ನನಗೂ ಇಲ್ಲ. ಆಗ ಅವಳ ಎದೆಯಲ್ಲಿ ಉಳಿಯುವ ಕೀವಿಗೆ ನೀವು ಉತ್ತರ ಹೇಳಬೇಕಾಗುತ್ತದೆ, ಅದೂ ಊರಿನ ಎದುರು. ನಮ್ಮ ಬಳಗದ ಮುಂದಿನ ಸಭೆ ಹೊಲಿಗೆ ಅಂಗಡಿಯಲ್ಲಿ ನಡೆಯುವುದಿಲ್ಲ. ನಿಮ್ಮ ಆಸ್ಪತ್ರೆಯ ಮುಖ್ಯ ಬಾಗಿಲಲ್ಲಿ, ಸೋಮವಾರ ಬೆಳಗ್ಗೆ ಎಂಟು ಗಂಟೆಗೆ.

ಇಂತಿ,
ಇಷ್ಟು ಬೈದ ಮೇಲೂ ಅಕ್ಕನ ಜೀವವನ್ನು ನಿಮ್ಮ ಕೈಗೇ ಕೊಡಬೇಕಾಗಿ ಬಂದಿರುವ ತಂಗಿ