ಒಳಗೆ ಕೇಳಿಸದ ಬೆಲ್

ಖಡಕಿ, ಪುಣೆ
೧೮ ನವೆಂಬರ್ ೨೦೨೪, ಸೋಮವಾರ

ಪ್ರೀತಿಯ ಮಗಳು ಸಪ್ನಾಗೆ, ನಿನ್ನ ಅತ್ತೆ ಬಸವಣ್ಣೆವ್ವ ಮಾಡುವ ಆಶೀರ್ವಾದಗಳು.

ಕಾಲು ಹೇಗಿದೆ? ತೊಡೆಯೊಳಗೆ ರಾಡು ಹಾಕಿಸಿಕೊಂಡವರಿಗೆ ಚಳಿಯಲ್ಲಿ ಸೆಳೆತ ಜಾಸ್ತಿ ಎಂದು ಕೇಳಿದ್ದೇನೆ. ಬೈಲಹೊಂಗಲದಲ್ಲಿ ಈಗ ಬೆಳಗಿನ ಚಳಿ ಶುರುವಾಗಿರಬೇಕು. ಎಣ್ಣೆ ಹಚ್ಚುವಾಗ ಹೊಲಿಗೆ ಹಾಕಿದಲ್ಲಿ ತಿಕ್ಕಬಾರದೆಂದು ನಿನ್ನ ಅವ್ವನಿಗೆ ಹೇಳು. ಹೊಟ್ಟೆಗೆ ಸರಿಯಾಗಿ ತಿನ್ನುತ್ತೀಯೋ ಇಲ್ಲವೋ. ನಿನ್ನದು ಮೊದಲೇ ಹಕ್ಕಿಯ ಊಟ. ನನ್ನ ಬಿ.ಪಿ. ಗುಳಿಗೆಯ ಮೇಲೆ ನಡೆದಿದೆ, ಅದರ ಚಿಂತೆ ಬೇಡ.

ಮೊದಲೆಲ್ಲ ನಿನಗೆ ಬರೆಯುವಾಗ ಚಿ. ಸೌ. ಸಪ್ನಾ ಎಂದು ಶುರು ಮಾಡುತ್ತಿದ್ದೆ. ಇವತ್ತು ಚಿ. ಎಂದು ಬರೆದು ಪೆನ್ನು ಅಲ್ಲೇ ನಿಂತಿತು. ಮುಂದಿನ ಅಕ್ಷರ ಬರೆಯುವ ಹಾಗಿಲ್ಲ, ಬಿಡುವುದಕ್ಕೂ ಮನಸ್ಸು ಬರಲಿಲ್ಲ. ಆ ಹಾಳೆ ಹರಿದು ಬೇರೆ ತೆಗೆದುಕೊಂಡು ಬರೀ ಮಗಳು ಎಂದು ಬರೆದೆ. ದಿನಾ ನಾಲ್ಕು ಸಾಲು ಏನಾದರೂ ಬರೆದಿಡುವ ನನ್ನ ಚಟ ನಿನಗೆ ಗೊತ್ತು. ಮಗ ಚನ್ನವೀರ ಹೋದಂದಿನಿಂದ ಅದೂ ನಿಂತಿದೆ. ಏಳನೆಯ ಇಯತ್ತೆ ಓದಿದ ಕೈ, ರೂಢಿ ತಪ್ಪಿದರೆ ಅಕ್ಷರ ಸೊಟ್ಟಗಾಗುತ್ತವೆ. ಸಮಾಧಾನದಿಂದ ಓದು.

ಫೋನಿನಲ್ಲಿ ಹೇಳಬಹುದಿತ್ತು. ನಿನ್ನ ಫೋನು ಆ ದಿನವೇ ರಸ್ತೆಯಲ್ಲಿ ಪುಡಿಯಾಯಿತು. ನಿನ್ನ ಅಪ್ಪನಿಗೆ ಹಚ್ಚಿದರೆ "ಮಲಗ್ಯಾಳ್ರಿ ಬೀಗತ್ಯಾರ, ಎದ್ದಮ್ಯಾಲೆ ಮಾತಾಡಸ್ತೀನ್ರಿ" ಎನ್ನುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಗಣಪತಿ ಹಬ್ಬಕ್ಕೆಂದು ಚನ್ನವೀರನ ಕೆಲಸದೂರು ಕುರಕುಂಭದಿಂದ ಸ್ಕೂಟರಿನಲ್ಲಿ ಇಲ್ಲಿಗೆ ಹೊರಟ ನೀವಿಬ್ಬರೂ ಲಾರಿಗೆ ಸಿಕ್ಕಿರಿ. ಅವನು ಈ ಮನೆಗೆ ಚಾದರದಲ್ಲಿ ಸುತ್ತಿಕೊಂಡು ಬಂದ. ನೀನು ದೌಂಡಿನ ಆಸ್ಪತ್ರೆಗೆ ಹೋದೆ, ಅಲ್ಲಿಂದ ಹಾಗೇ ತವರಿಗೆ ಹೋದೆ. ಅವನನ್ನು ಮಣ್ಣಿಗಿಟ್ಟಾಗ ನೀನಿರಲಿಲ್ಲ, ಶಿವಗಣಾರಾಧನೆಗೂ ನೀನಿರಲಿಲ್ಲ. ಇವತ್ತಿಗೂ ನಾವಿಬ್ಬರು ಒಬ್ಬರ ಮುಖ ಒಬ್ಬರು ನೋಡಿಲ್ಲ. ಯಾರ್ಯಾರೋ ಬಂದು ನನ್ನ ಕೊರಳಿಗೆ ಬಿದ್ದು ಅತ್ತು ಹೋದರು. ಅಳಬೇಕಾದ ನೀನು ಬರಲಿಲ್ಲ ಎಂದುಕೊಂಡಿದ್ದೆ.

ನೀನು ಬಂದಿದ್ದೆ ಎಂದು ಮೊನ್ನೆಯಷ್ಟೇ ಗೊತ್ತಾಯಿತು. ದೀಪಾವಳಿ ಮುಗಿದ ವಾರ ಇದೇ ಬಾಗಿಲಿಗೆ ಬಂದು ನಿಂತು, ಹಾಗೇ ತಿರುಗಿ ಹೋದೆಯಂತೆ. ನಿನ್ನನ್ನು ನಾನೇ ಒಳಗೆ ಕರೆಯಲಿಲ್ಲ ಎಂದು ನೀನು ತಿಳಿದುಕೊಂಡಿರುತ್ತೀ. ನಿನ್ನ ಜಾಗದಲ್ಲಿ ನಾನಿದ್ದರೂ ಹಾಗೇ ತಿಳಿಯುತ್ತಿದ್ದೆ. ಅದಕ್ಕೇ ಬಾಗಿಲಲ್ಲಿ ಆಗಿದ್ದೇನು ಎಂದು ಮೊದಲಿನಿಂದ ಬರೆಯುತ್ತೇನೆ.

ನಮ್ಮ ಕಡೆಯ ಪದ್ಧತಿ ನಿನಗೆ ಹೊಸದಲ್ಲ. ಸತ್ತ ಮನೆಗೆ ಮೊದಲ ಸಲ ಬಂದ ಹೆಂಗಸು ಹೊಸ್ತಿಲಲ್ಲೇ ಮನೆಯವಳ ಕೊರಳಿಗೆ ಬಿದ್ದು, ಹೋದವನ ಗುಣ ಹಾಡ್ಯಾಡಿಕೊಂಡು ಅಳಬೇಕು. ಆಮೇಲೆ ನೀರು, ಆಮೇಲೆ ಹೇಗಾಯಿತು ಏನಾಯಿತು ಎಂಬ ಮಾತು. ಊರಲ್ಲಿ ಇದಕ್ಕೆ ಯಾರೂ ತಿರುಗಿ ನೋಡುವುದಿಲ್ಲ. ಇಲ್ಲಿ ಮೂರನೆಯ ಮಜಲೆಯ ಫ್ಲಾಟು. ಬೆಳಗಾವಿ, ಗೋಕಾಕದ ಕಡೆಯಿಂದ ಜನ ಬಂದಾಗಲೊಮ್ಮೆ ಜಿನೆಯ ಮೆಟ್ಟಿಲುದ್ದಕ್ಕೂ ಬಾಗಿಲುಗಳು ತೆರೆಯುತ್ತಿದ್ದವು. ಸೊಸೈಟಿಯ ಸೆಕ್ರೆಟರಿ ಒಳ್ಳೆಯ ಮನುಷ್ಯ. ಶಿವರಾಜನನ್ನು ಪಾರ್ಕಿಂಗಿನಲ್ಲಿ ನಿಲ್ಲಿಸಿ, ಆಜಿಯನ್ನು ಸಂಭಾಳಿಸಿ ಎಂದು ಮೆಲ್ಲಗೆ ಹೇಳಿದರಂತೆ. ನಿನ್ನ ಮೈದುನ ಮೊದಲೇ ಮಾತು ಕಡಿಮೆಯವನು, ಮತ್ತೂ ಬಾಯಿ ಹೊಲಿದುಕೊಂಡ. ಅಣ್ಣ ಹೋದ ಮೇಲೆ ಅವನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿರಲಿಲ್ಲ.

ಆಮೇಲೆ ನನ್ನ ಅಕ್ಕ ತಾಯಮ್ಮ ಗೋಕಾಕದಿಂದ ಬಂದಳು. ಚನ್ನವೀರನನ್ನು ಎರೆದು ಬೆಳೆಸಿದವಳು ಅವಳೇ. ನನ್ನನ್ನು ಹಿಡಿದುಕೊಂಡು "ನನ ಕೈಯಾನ ಬೆಣ್ಣಿ ನೆಕ್ಕಿದ ಕೂಸಿನ ಎಲ್ಲಿ ಇಟ್ಟಬಂದಿ ತಂಗೀ" ಎಂದು ದನಿ ಎತ್ತಿದಳು ನೋಡು, ನನಗೆ ಮುಂದಿನದು ನೆನಪಿಲ್ಲ. ಎಚ್ಚರವಾದಾಗ ದವಾಖಾನೆಯಲ್ಲಿದ್ದೆ. ಇನ್ನು ಇವರನ್ನು ಶಾಂತವಾಗಿಡಿ ಎಂದು ಡಾಕ್ಟರು ಹೇಳಿದರು. ಶಿವರಾಜ ನನ್ನ ಕಾಲ ಕಡೆ ಕೂತು ಮೊಬೈಲು ಒತ್ತುತ್ತಿದ್ದ. ಯಾರಿಗೋ ಮೆಸೇಜು ಕಳಿಸುತ್ತಿದ್ದಾನೆ ಎಂದುಕೊಂಡೆ. ಅವನು ಹುಡುಕುತ್ತಿದ್ದದ್ದು ಬಾಗಿಲಿಗೆ ಹಾಕುವ ಬೆಲ್ಲು.

ಮುಂದಿನ ಭಾನುವಾರ ಮಧುಕರ್ ಎಂಬ ಲೈಟಿನ ಕೆಲಸದವನು ಬಂದು ಅದನ್ನು ಕೂರಿಸಿದ. ಕಪ್ಪು ಪಟ್ಟಿಯಂಥದ್ದು, ಮೇಲೆ ಗಾಜಿನ ಕಣ್ಣು, ಕೆಳಗೆ ಒತ್ತುವ ಗುಂಡಿ, ಒತ್ತಿದರೆ ಸುತ್ತಲೂ ನೀಲಿ ಬೆಳಕು. ಹಳೆಯ ಬೆಲ್ಲಿನ ತಂತಿಗಳಿಗೇ ಇದನ್ನು ಜೋಡಿಸಿದ. ಮನೆಯ ಕರೆಂಟು ನೇರ ಕೊಟ್ಟರೆ ಇದು ಸುಟ್ಟುಹೋಗುತ್ತದಂತೆ, ಅದಕ್ಕೆ ಮೇನ್ ಬೋರ್ಡಿನ ಪಕ್ಕ ಕರೆಂಟು ಇಳಿಸುವ ಸಣ್ಣ ಟ್ರಾನ್ಸ್‌ಫಾರ್ಮರ್ ಹಾಕಿದ. ನಿನ್ನ ಮಾವ ತಂದಿದ್ದ, ಗುಬ್ಬಿಯ ಹಾಗೆ ಕೂಗುವ ಬೆಲ್ಲು ಇದಕ್ಕೆ ಹೊಂದುವುದಿಲ್ಲವೆಂದು ಬಿಚ್ಚಿ ನನ್ನ ಕೈಗೆ ಕೊಟ್ಟ. ಇನ್ನು ಕಳ್ಳನೂ ಫೋಟೋ ತೆಗೆಸಿಕೊಂಡೇ ಹೋಗಬೇಕು ಆಜೀ ಎಂದು ಮರಾಠಿಯಲ್ಲಿ ನಗೆಯಾಡಿದ. ನನಗೆ ನಗು ಬರಲಿಲ್ಲ. ಒಳಗಿದ್ದ ನನಗೆ ಇದು ಕೇಳಿಸುವುದು ಹೇಗೆ ಎಂದು ಕೇಳಿದೆ. ಶಿವರಾಜನೇ ಉತ್ತರ ಕೊಟ್ಟ. "ಒಳಗ ಬಾರಸೂ ಡಬ್ಬಿ ಬ್ಯಾರೇ ಇರತೈತಿ ಅವ್ವಾ, ಆಮ್ಯಾಲೆ ತರೂಣಂತ. ಸದ್ಯಕ್ಕ ನನ್ನ ಮೊಬೈಲಿಗೆ ಬಾರಸ್ತೈತಿ. ಯಾರರೆ ಬಂದ್ರ ನಾನ ನಿನಗ ಫೋನ್ ಹಚ್ಚತೀನಿ." ಆ ಡಬ್ಬಿ ಬರಲೇ ಇಲ್ಲ. ಅವನು ಶಿವಾಜಿನಗರದ ಆಫೀಸಿನಲ್ಲಿ ಕೂತಿದ್ದರೂ ನಮ್ಮ ಬಾಗಿಲಲ್ಲಿ ನಿಂತವರ ಜೊತೆ ಮಾತಾಡಬಹುದೆಂದು ನನಗೆ ಆಗ ಗೊತ್ತಿರಲಿಲ್ಲ.

ಹಾಲಿನವನು ಬಂದರೆ ಫೋನು ಬರುತ್ತಿತ್ತು, ಗ್ಯಾಸಿನವನು ಬಂದರೂ ಬರುತ್ತಿತ್ತು. ತರಕಾರಿಯವಳೊಬ್ಬಳು ಮಾತ್ರ ಆ ಬೆಲ್ಲಿನ ಜೊತೆ ಜಗಳ ತೆಗೆದು, ಗೋಡೆಯ ಜೊತೆ ವ್ಯಾಪಾರ ಮಾಡುವುದಿಲ್ಲ, ಮನುಷ್ಯರಿದ್ದರೆ ಹೊರಗೆ ಬರಲಿ ಎಂದು ಬಾಗಿಲನ್ನೇ ಬಡಿದಳು. ಅವಳನ್ನು ಕಂಡು ನನಗೆ ಸಮಾಧಾನವಾಯಿತು. ಊರ ಕಡೆಯವರು ಬರುವುದು ಮಾತ್ರ ನಿಂತೇಹೋಯಿತು. ನಾನು ಯಾರನ್ನು ದೂರಲಿ? ಎಲ್ಲರಿಗೂ ಅವರವರ ಸಂಸಾರ, ಚನ್ನವೀರನನ್ನು ಎಷ್ಟು ದಿನ ಅಂತ ನೆನೆಸುತ್ತಾರೆ ಎಂದುಕೊಂಡೆ. ದೀಪಾವಳಿಗೆ ದೀಪ ಹಚ್ಚಲಿಲ್ಲ. ಬಾಗಿಲು ಮುಚ್ಚಿಕೊಂಡು ಕೂತೆವು, ಅವನು ಪಡಸಾಲೆಯಲ್ಲಿ, ನಾನು ಅಡಿಗೆಮನೆಯಲ್ಲಿ.

ಮೊನ್ನೆ ಎದುರು ಮನೆಯ ಶೀತಲ, ತುಳಸಿ ಲಗ್ನದ ಪ್ರಸಾದ ಕೊಡಲು ಬಂದಳು. ಬಟ್ಟಲು ಕೈಗಿಡುತ್ತಾ "ಕಾಕೂ, ಸೂನಬಾಯೀ ಭೇಟಲೀ ಕಾ?" ಎಂದಳು. ಸೊಸೆ ಸಿಕ್ಕಳೇ ಎಂದು. ಯಾವ ಸೊಸೆ ಎಂದೆ. ಅವಳ ಮುಖ ಇಳಿದುಹೋಯಿತು. ಕೋಲು ಊರಿಕೊಂಡು ಮೂರು ಮಜಲೆ ಹತ್ತಿ ಬಂದಿದ್ದಳು, ಆಜಿ ಭೋರಿಗೆ ಹೋಗಿದ್ದಾರೆ ಎಂದು ನಿಮ್ಮ ಬೆಲ್ಲು ಹೇಳಿತು, ಒಂದು ಗುಟುಕು ಚಹಾ ಕುಡಿದು ಹೋಗು ಎಂದರೂ ಕೇಳದೆ ಇಳಿದು ಹೋದಳು ಎಂದಳು. ನಾನು ಆ ಭೋರ್ ಊರು ನೋಡಿ ಎಷ್ಟು ವರ್ಷವಾಯಿತು ಸಪ್ನಾ. ನಿನ್ನ ಮಾವ ಇದ್ದಾಗ ಒಮ್ಮೆ ಹೋಗಿದ್ದು.

ಸಂಜೆ ಶಿವರಾಜನಿಗೆ, ಬೆಲ್ಲು ಆ ದಿನ ತೆಗೆದದ್ದನ್ನು ತೋರಿಸು ಎಂದೆ. ಅಳಿಸಿಹೋಗಿದೆ ಎಂದ. ಅಳಿಸಿರಲಿಲ್ಲ. ಅವನ ಕೈ ಹಿಡಿದು ಕೂತೆ, ಕೊನೆಗೆ ತೋರಿಸಿದ. ಚನ್ನವೀರ ಹೋದ ಮೇಲೆ ನಿನ್ನನ್ನು ಮೊದಲ ಸಲ ನೋಡಿದ್ದು ಹಾಗೆ, ಅಂಗೈಯಷ್ಟು ಗಾಜಿನಲ್ಲಿ. ಮುಖ ಉಬ್ಬಿದ ಹಾಗೆ ಕಾಣುತ್ತಿತ್ತು. ಹಣೆಯ ಮೇಲೆ ಬರೀ ವಿಭೂತಿ. ಅದನ್ನು ಕಂಡೊಡನೆ ನಾನು ಕಣ್ಣು ಮುಚ್ಚಿಕೊಂಡೆ, ಮತ್ತೆ ಮೊದಲಿನಿಂದ ಹಚ್ಚಲು ಹೇಳಿದೆ. ನೀನು ಚೀಲ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ಬೆಲ್ ಒತ್ತಿದೆ. ಅವನ ದನಿ ಬಂತು. "ವೈನಿ, ಅವ್ವ ಮನ್ಯಾಗಿಲ್ಲ. ಭೋರಿಗೆ ಹೋಗ್ಯಾಳ." ಯಾವಾಗ ಬರುತ್ತಾರೆ ಎಂದು ಕೇಳಿದೆ. "ಗೊತ್ತಿಲ್ರಿ. ಏನರೆ ಹೇಳೂದಿದ್ರ ನನಗ ಹೇಳ್ರಿ, ನಾ ಹೇಳ್ತೀನಿ." ನೀನು ಆ ಗಾಜಿನ ಕಣ್ಣನ್ನೇ ನೋಡಿ "ಇದರಾಗ ಹೇಳೂವಂಥಾದ್ದಲ್ಲೋ ಶಿವರಾಜ" ಎಂದೆ.

ಆಗಲೇ ಮೊಬೈಲಿನೊಳಗಿಂದ ಇನ್ನೊಂದು ಸಪ್ಪಳ ಕೇಳಿಸಿತು. ಮೊದಲು ಏನೆಂದು ತಿಳಿಯಲಿಲ್ಲ. ನಾನು ರೊಟ್ಟಿ ಬಡಿಯುವ ಸಪ್ಪಳ. ನೀನು ಬೆಲ್ಲನ್ನು ಬಿಟ್ಟು ಬಾಗಿಲ ಕಡೆ ತಿರುಗಿದೆ. ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಪಕ್ಕ ಕೂತು ಕಲಿತ ಕೈ ನಿನ್ನದು, ಯಾರ ಕೈಯ ಸಪ್ಪಳವೆಂದು ನಿನಗೆ ಹೇಳಬೇಕೇ. ರೊಟ್ಟಿ ಬಡಿಯುವುದು ನಿಲ್ಲಲಿಲ್ಲ, ನೀನು ಚೀಲ ಎತ್ತಿಕೊಂಡೆ. ಬಾಗಿಲು ಬಡಿಯಬೇಕಿತ್ತು ನೀನು. ಅವ್ವಾ ಎಂದು ಒಂದು ಸಲ ಕೂಗಬೇಕಿತ್ತು. ಇಲ್ಲ, ನಿನಗೆ ಹೇಳುತ್ತಿಲ್ಲ. ಬೇಡ ಎನಿಸಿಕೊಂಡ ಬಾಗಿಲನ್ನು ಯಾರೂ ಬಡಿಯುವುದಿಲ್ಲ, ನನಗೆ ಗೊತ್ತು.

ಶಿವರಾಜನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಉಳಿದವನು ಅವನೊಬ್ಬ. "ನೀ ಕೊರಳಿಗೆ ಬಿದ್ದ ಅಳೂದು, ನಾ ನಿನ್ನ ದವಾಖಾನಿಗೆ ಹೊರೂದು, ಎಷ್ಟ ಸಲ ಅವ್ವಾ? ಅಣ್ಣ ಹ್ವಾದ, ನೀನೂ ಹ್ವಾದ್ರ ನಾ ಯಾರ ಕೂಡ ಮಾತಾಡ್ಲಿ?" ಎಂದ. ತಾಯಮ್ಮ ಎರಡನೆಯ ಸಲ ಬಂದಾಗಲೂ ಅವಳನ್ನು ಹೀಗೇ ಬಾಗಿಲಿಂದಲೇ ತಿರುಗಿ ಕಳಿಸಿದ್ದನಂತೆ. ನಿನ್ನ ಮಾತು ಬಂದಾಗ ತಲೆ ತಗ್ಗಿಸಿದ. "ವೈನಿ ಏನ ಹೇಳಾಕ ಬಂದಿದ್ರು ನನಗ ಗೊತ್ತೈತಿ. ಅದನ್ನ ಕೇಳಿದ್ರ ನೀ ತಡಕೊಳ್ಳೂದಿಲ್ಲ" ಎಂದ. ಏನದು ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಇವತ್ತು ಮಧುಕರನನ್ನು ಕರೆಸಿ ಒಳಗೆ ಬಾರಿಸುವ ಡಬ್ಬಿ ಹಾಕಿಸುತ್ತೇನೆ ಎಂದು ಬೆಳಿಗ್ಗೆ ಹೇಳಿ ಹೋಗಿದ್ದಾನೆ. ಹಾಕಿಸಲಿ. ಅವನು ಮಾಡಿದ್ದು ಭಯದಿಂದ. ಅಳು ಅಂದರೆ ಅವನಿಗೆ ರೋಗ. ಊರಲ್ಲಿ ಬೆಳೆದಿದ್ದರೆ ತಿಳಿಯುತ್ತಿತ್ತು. ತಾಯಮ್ಮನ ಕೊರಳಿಗೆ ಬಿದ್ದು ನಾನು ಎಚ್ಚರ ತಪ್ಪಿದ್ದು ನಿಜ, ಆದರೆ ಮಗ ಸತ್ತ ಮೇಲೆ ನನಗೆ ನಿದ್ದೆ ಬಂದದ್ದು ಆ ಒಂದು ದಿನ ಮಾತ್ರ.

ನೀನು ಮತ್ತೆ ಮೂರು ಮಜಲೆ ಹತ್ತಬೇಡ. ನಾನೇ ಬರುತ್ತೇನೆ. ಯಾರ ಜೊತೆ, ಯಾವ ಗಾಡಿಗೆ, ಇನ್ನೂ ತಿಳಿಯದು. ನಿನ್ನ ಅಪ್ಪ ಅವ್ವನಿಗೆ ನನ್ನ ಶರಣು ಹೇಳು. ಮಗಳು ಈ ಮನೆಯ ಬಾಗಿಲಿಂದ ತಿರುಗಿ ಹೋದ ನೋವು ಅವರಿಗೆ ಇದ್ದೇ ಇರುತ್ತದೆ, ನಾನು ಬಂದು ಅವರ ಮುಂದೆ ಕೂರುತ್ತೇನೆ. ಬಸವಣ್ಣ ನಿನ್ನ ಕಾಲಿಗೆ ಬಲ ಕೊಡಲಿ, ರಾತ್ರಿಗೆ ನಿದ್ದೆ ಕೊಡಲಿ.

ನಿನ್ನ ಅತ್ತೆ,
ಬಸವಣ್ಣೆವ್ವ

ತಾ. ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ಬರೆಯಬೇಕಾದದ್ದನ್ನೇ ಬಿಟ್ಟಿದ್ದೆ. ಆ ದಿನ ಕುರಕುಂಭದಿಂದ ಹೊರಡುವಾಗ ಚನ್ನವೀರ ನನಗೆ ಫೋನು ಮಾಡಿದ್ದ. "ಅವ್ವಾ, ಎರಡ ಪಾಳಿ ಕೂಡೇ ಮಾಡೀನಿ, ಕಣ್ಣ ಮುಚ್ಚಾಕತ್ತಾವ. ಗಾಡಿ ಸಪ್ನಾ ಹೊಡೀತಾಳ, ನಾ ಹಿಂದ ಕುಂತ ಒಂದ ನಿದ್ದಿ ತಗೀತೀನಿ" ಎಂದು ನಕ್ಕ. ಗಾಡಿ ಯಾರ ಕೈಯಲ್ಲಿತ್ತು ಎಂದು ನನಗೆ ಮೊದಲ ದಿನದಿಂದಲೇ ಗೊತ್ತು. ಜನ ನಿನ್ನ ಹೆಸರು ಹಿಡಿದು ಆಡಬಾರದೆಂದು ಯಾರಿಗೂ ಹೇಳಿರಲಿಲ್ಲ, ತಾಯಮ್ಮನಿಗೂ ಹೇಳಿರಲಿಲ್ಲ. ನೀನು ಹೇಳಲು ಬಂದದ್ದು ಅದೇ ಆಗಿದ್ದರೆ, ಹೇಳಿದ್ದಾಯಿತು ಎಂದು ತಿಳಿ. ಅದು ಗೊತ್ತಿದ್ದೇ ನಿನ್ನನ್ನು ಮಗಳು ಎಂದು ಬರೆದಿದ್ದೇನೆ. ಈಗ ಸಂಜೆ ಶಿವರಾಜ ಬಂದೊಡನೆ ಅವನಿಗೂ ಹೇಳಿದೆ. ಪೊಲೀಸರಿಂದ ತಿಳಿದ ಅದನ್ನೇ ನನ್ನಿಂದ ಮುಚ್ಚಿಡಲು ಇಷ್ಟು ದಿನ ಒದ್ದಾಡಿದವನು, ಬೂಟು ಬಿಚ್ಚದೆ ಹೊಸ್ತಿಲಲ್ಲೇ ಕುಸಿದು ಕೂತು, ಅಣ್ಣನ ಹೆಸರು ಹಿಡಿದು ಅತ್ತ. ಜಿನೆಯಲ್ಲಿ ಬಾಗಿಲುಗಳು ತೆರೆದವು, ತೆರೆಯಲಿ. ಗುರುವಾರ ಅವನೇ ನನ್ನನ್ನು ಕರೆದುಕೊಂಡು ಬರುತ್ತಾನೆ. ನಾನು ಬಂದಾಗ ಏಳಲು ಹೋಗಬೇಡ, ಕೂತಲ್ಲೇ ಕೂತಿರು. ನಾನು ಬೇರೆ ಏನೂ ಕೇಳುವುದಿಲ್ಲ, ಇದೊಂದು ನಿನ್ನ ಬಾಯಿಂದ ಬೇಕು. ಲಾರಿ ಬಂದಾಗ ಅವನು ನಿನ್ನ ಬೆನ್ನಿಗೆ ತಲೆಯಿಟ್ಟು ನಿದ್ದೆಯಲ್ಲಿದ್ದನೇ, ಎಚ್ಚರವಿದ್ದನೇ?