ನಿನ್ನೆಯಿಂದ

ಅವ್ವ,

ತನುಶ್ರೀಯನ್ನು ಇವತ್ತು ಆಸ್ಪತ್ರೆಯಿಂದ ಮನೆಗೆ ಕರೆತಂದೆವು.

ನೀನು ಕೋವಿಡ್‌ನಲ್ಲಿ ಹೋಗಿ ಇನ್ನೂ ತಿಂಗಳಾಗಿರಲಿಲ್ಲ, ಮೊಮ್ಮಗಳಿಗೆ ಜ್ವರ ಬಂತು. ನಿನ್ನ ಮಗ್ಗುಲಲ್ಲೇ ಮಲಗುತ್ತಿದ್ದರೂ ಆಗ ಅವಳಿಗೆ ಒಂದು ಸೀನೂ ಬಂದಿರಲಿಲ್ಲ. ಈಗ ಕಣ್ಣು, ನಾಲಗೆಯೆಲ್ಲ ಕೆಂಪು, ಮೈತುಂಬ ಗಂದೆ. ಅಮ್ಮ ಆಗಿದೆ, ಮಾತ್ರೆ ಕೊಡಬಾರದು ಎಂದುಕೊಂಡು, ನೀನು ಹೇಳಿಕೊಟ್ಟ ಹಾಗೆಯೇ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದೆ. ‘ಆಸ್ಪತ್ರೆಗೆ ಓಗನ ನಡೀರಿ’ ಎಂದ ನಿನ್ನ ಸೊಸೆ ಅನುವನ್ನು ಗದರಿದೆ. ಮೂರನೇ ದಿನ ಮಗುವಿನ ಕೈಕಾಲು ತಣ್ಣಗಾದಾಗ ಸಿಂಧಘಟ್ಟದಿಂದ ಮೈಸೂರಿಗೆ ಕಾರು ಮಾಡಿಕೊಂಡು ಓಡಿದೆ.

‘ಜ್ವರ ಎಷ್ಟು ದಿನದಿಂದ?’ ಎಂದರು ಡಾಕ್ಟರು.

‘ನಿನ್ನೆಯಿಂದ ಸಾ’ ಎಂದೆ.

ಕಣ್ಣು ಮುಚ್ಚಿಕೊಂಡೇ ತನು ಹೇಳಿದಳು: ‘ಅಪ್ಪ, ಸುಳ್ಳೇಳ್ಬ್ಯಾಡ. ಎಂಟು ದಿನ ಅಂತಾವ್ಳೆ ಅಜ್ಜಿ.’

ಅನು ಬೆಚ್ಚಿ, ‘ಇಲ್ಲ ಸಾ, ಮೂರು ದಿನ’ ಎಂದಳು.

ಪರೀಕ್ಷೆಗಳಾದ ಮೇಲೆ ಡಾಕ್ಟರು ಹೇಳಿದರು: ‘ಇದು ಅಮ್ಮ ಅಲ್ಲ. ಕೋವಿಡ್ ಅವಳಿಗೂ ಬಂದು ಹೋಗಿದೆ. ಹೋದದ್ದರ ಜೊತೆ ಮೈ ಇನ್ನೂ ಬಡಿದಾಡ್ತಿದೆ. ಹೃದಯಕ್ಕೂ ಊತ ಬಂದಿದೆ.’

ಈಗ ಜ್ವರ ಇಳಿದಿದೆ. ಬೆರಳ ತುದಿಯಲ್ಲಿ ಚರ್ಮ ಸುಲಿಯುತ್ತಿದೆ. ಚಾಪೆಯಲ್ಲಿ ನಿನ್ನ ಜಾಗ ಬಿಟ್ಟೇ ಮಲಗಿದ್ದಾಳೆ.

ಎಂಟು ದಿನ ಜ್ವರ ಇದ್ದದ್ದು ನಿನಗೆ, ಅವ್ವ. ‘ಯಾರ್ಗೂ ಯೋಳ್ಬ್ಯಾಡ ಕಣ್ಲಾ, ಇಡ್ಕೊಂಡೋಗ್ಬುಡ್ತಾರೆ’ ಎಂದು ನೀನು ನನಗೊಬ್ಬನಿಗೇ ಹೇಳಿದ್ದೆ. ನಿನ್ನನ್ನು ಆಸ್ಪತ್ರೆಗೆ ಸೇರಿಸುವಾಗಲೂ ಡಾಕ್ಟರು ಅದನ್ನೇ ಕೇಳಿದ್ದರು. ‘ನಿನ್ನೆಯಿಂದ’ ಎಂದ ನನ್ನ ಮುಖವನ್ನು ನೀನು ಸುಮ್ಮನೆ ನೋಡಿದ್ದೆ.