ಏಸಿಯೊಳಗೆ ಸಿಕ್ಕ ಹಳದಿ

ಕಾಜಲಳ ಅಪ್ಪನವರಿಗೆ,

ನಿನ್ನೆ ರಾತ್ರಿ ಯಾರೋ ಬಾಗಿಲು ಬಡಿದರು. ನೀವು ಮಗ್ಗಲು ಬದಲಿಸಿದಿರಿ. ನಾನು ಎದ್ದು ಹೋದೆ.

ಗಾಡಿಯ ಕೀಲಿ ದೇವರ ಜಗಲಿಯ ಮೇಲಿದೆ. ನಾನು ಮೊದಲ ಎಸ್‌ಟಿ ಬಸ್ಸು ಹಿಡಿದು ಕಾಜಲ ಹೆತ್ತಿರುವ ಮಿರಜಿನ ದವಾಖಾನೆಗೆ ಹೊರಟಿದ್ದೇನೆ. ನೀವು ಮಧ್ಯಾಹ್ನದೊಳಗೆ ಗಾಡಿ ತನ್ನಿ. ಈ ಬಿಸಿಲಿನಲ್ಲಿ ಏಸಿ ಇಲ್ಲದ ಗಾಡಿ ತಂದರೆ ಮಗಳನ್ನೂ ಕೂಸನ್ನೂ ಬಾಣಂತನಕ್ಕೆ ಕಳಿಸುವುದಿಲ್ಲವೆಂದು ಬೀಗರು ಹೇಳಿದ್ದು ನೆನಪಿರಲಿ.

ಏಸಿ ಈಗ ಸರಿಯಾಗಿದೆ. ಗ್ಯಾಸು ಕಡಿಮೆಯಾಗಿರಲಿಲ್ಲ, ಕಂಪ್ರೆಸರೂ ಕೆಟ್ಟಿರಲಿಲ್ಲ. “ನೀ ಕಿಡಕಿ ತಗದ ಕುಂದರತಿ, ಅದಕ್ಕ ಕೆಟ್ಟೈತಿ” ಎಂಬ ನಿಮ್ಮ ಸಂಶೋಧನೆಯೂ ಸುಳ್ಳಾಯಿತು. ಫ್ಯಾನು ಅರಚುತ್ತಿತ್ತು, ಗಾಳಿ ಮಾತ್ರ ಬರುತ್ತಿರಲಿಲ್ಲ. ಗ್ಯಾರೇಜಿನ ಹುಡುಗ ಸೋಯಲ ಏಸಿಯ ಫಿಲ್ಟರು ಬಿಚ್ಚಿದಾಗ ಅದರ ತುಂಬ ಅರಿಶಿನ ಗಟ್ಟಿಯಾಗಿ ಕೂತಿತ್ತಂತೆ. ರಾತ್ರಿ ಕೀಲಿ ಕೊಡಲು ಬಂದವನು, “ವೈನಿ, ಇದು ಫಿಲ್ಟರ್ ಅಲ್ಲರಿ, ಬಿರೋಬಾನ ಗುಡಿ ಐತಿ,” ಎಂದು ನಕ್ಕ. ಆ ಹಳೆಯ ಫಿಲ್ಟರನ್ನು ಕೀಲಿಯ ಪಕ್ಕದಲ್ಲೇ ಇಟ್ಟಿದ್ದೇನೆ. ಕೈ ಮುಗಿದು ಹೊರಡಿ.

ಗಾಡಿ ತಂದ ದಿನದ ಪೂಜೆಯಲ್ಲಿ, ಏಸಿ ಜೋರಾಗಿ ಓಡುತ್ತಿರುವಾಗಲೇ, ಒಬ್ಬ ಪರಮಭಕ್ತರು ಏಸಿ ಗಾಳಿ ಎಳೆಯುವ ಮುಂದಿನ ಗಾಜಿನ ಬುಡಕ್ಕೆ ಮುಷ್ಟಿಗಟ್ಟಲೆ ಬಿರೋಬಾ ದೇವರ ಭಂಡಾರದ ಅರಿಶಿನ ತೂರಿದ್ದರು. ಇಂದು ಗಾಡಿಗೆ ಏನೂ ಬೇಡ. ಕೂಸಿನ ಹಣೆಗೆ ಒಂದು ಬೊಟ್ಟು ಸಾಕು.

ಆ ಭಕ್ತರ ಹೆಸರನ್ನು ನಾನು ಮದುವೆಯ ದಿನ ಪ್ರಾಸದ ಒಡಪು ಕಟ್ಟಿ ಹೇಳಿದ್ದೆ. ಆಮೇಲೆ ನಾಲಿಗೆಗೆ ತಂದಿಲ್ಲ. ಬರೆಯಬಾರದೆಂದು ಮಾತ್ರ ನನಗೆ ಯಾರೂ ಹೇಳಿಲ್ಲ:

ಧನಾಜಿ.